ಸರ್ ಸಿ.ವಿ. ರಾಮನ್ ಮತ್ತು ಚದುರಿದ ಬೆಳಕು

ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ, ನಮಗೆ ದಾರಿ ತೋರಿದ ಒಬ್ಬ ಹಿರಿಯರ ಜೀವನವನ್ನು ಕುರಿತು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಹಳೆಯ ವಿದ್ಯಾರ್ಥಿಗಳನ್ನು ಕೇಳಿದ್ದಾರೆ. ನಾನು ಸರ್ ಸಿ.ವಿ. ರಾಮನ್ ಅವರನ್ನು ಆರಿಸಿಕೊಂಡೆ. ಅವರನ್ನು ನಾನು ಕಂಡವನಲ್ಲ; ಅವರು ತೀರಿಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ. ಆದರೆ ಹತ್ತೊಂಬತ್ತು ವರ್ಷಗಳಿಂದ ಅವರ ಹೆಸರಿನಿಂದಲೇ ನನಗೆ ಅನ್ನ ಸಿಕ್ಕುತ್ತಿದೆ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ರಾಮನ್ ರೋಹಿತಮಾಪಕ ಎಂಬ ಯಂತ್ರವನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಾನು ವಿಜ್ಞಾನಿಯಲ್ಲ, ತಾಂತ್ರಿಕ ಸಿಬ್ಬಂದಿ. ವಿಜ್ಞಾನಿಗಳು ಮಾದರಿಗಳನ್ನು ತರುತ್ತಾರೆ, ನಾನು ಅವುಗಳ ಮೇಲೆ ಬೆಳಕು ಹಾಯಿಸಿ ಫಲಿತಾಂಶ ತೆಗೆದುಕೊಡುತ್ತೇನೆ.

ನಮ್ಮ ಶಾಲೆಯಲ್ಲಿ ಪ್ರತಿವರ್ಷ ಫೆಬ್ರವರಿ 28ರಂದು ವಿಜ್ಞಾನ ದಿನಾಚರಣೆ ನಡೆಯುತ್ತದೆ. ಭಾಷಣ, ಪ್ರಬಂಧ ಸ್ಪರ್ಧೆ, ಬಹುಮಾನ ಎಲ್ಲವೂ ಇರುತ್ತವೆ. ರಾಮನ್ ಅವರು ನೊಬೆಲ್ ಪಾರಿತೋಷಕ ಪಡೆದರು ಎಂಬುದು ಎಲ್ಲರಿಗೂ ಬಾಯಿಪಾಠ. ಅವರು ಕಂಡದ್ದು ಏನು, ಅದರಿಂದ ಇಂದು ಯಾವ ಕೆಲಸ ನಡೆಯುತ್ತಿದೆ ಎಂಬುದನ್ನು ಊರಿನವರಿಗೂ ಅರ್ಥವಾಗುವಂತೆ ಹೇಳಬೇಕೆಂಬ ಆಸೆ ನನ್ನದು.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಉಪಾಧ್ಯಾಯರು, ತಾಯಿ ಪಾರ್ವತಿ ಅಮ್ಮಾಳ್. ಎಂಟು ಮಕ್ಕಳಲ್ಲಿ ಇವರು ಎರಡನೆಯವರು. ತಂದೆಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತವಿಜ್ಞಾನ ಕಲಿಸುವ ಕೆಲಸ ಸಿಕ್ಕಿದ್ದರಿಂದ ಸಂಸಾರ ಅಲ್ಲಿಗೆ ಹೋಯಿತು. ಮನೆಯಲ್ಲಿ ಹಣ ಹೆಚ್ಚಿರಲಿಲ್ಲ, ಪುಸ್ತಕಗಳಿದ್ದವು. ಹುಡುಗ ಹನ್ನೊಂದನೆಯ ವಯಸ್ಸಿಗೆ ಮೆಟ್ರಿಕ್ಯುಲೇಷನ್ ಮುಗಿಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿ, 1904ರಲ್ಲಿ ಬಿ.ಎ. ಪದವಿಯನ್ನು ಮೊದಲ ಸ್ಥಾನದೊಂದಿಗೆ ಪಡೆದರು. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಬೆಳಕನ್ನು ಕುರಿತ ಅವರ ಮೊದಲ ಲೇಖನ ಇಂಗ್ಲೆಂಡಿನ ಒಂದು ಪ್ರಸಿದ್ಧ ಪತ್ರಿಕೆಯಲ್ಲಿ ಅಚ್ಚಾಯಿತು.

ಇಂಗ್ಲೆಂಡಿಗೆ ಹೋಗಿ ಓದುವ ಅವಕಾಶ ಅವರ ಸೂಕ್ಷ್ಮ ಆರೋಗ್ಯದ ಕಾರಣದಿಂದ ತಪ್ಪಿತು. ನಮ್ಮ ದೇಶದಲ್ಲೇ ಸಂಶೋಧನೆ ಮಾಡಿಕೊಂಡು ಹೊಟ್ಟೆ ಹೊರೆಯುವ ದಾರಿ ಆಗ ಇರಲಿಲ್ಲ. ಎಲ್ಲ ಮಧ್ಯಮ ವರ್ಗದ ಹುಡುಗರಂತೆ ಅವರೂ ಸರ್ಕಾರಿ ನೌಕರಿಯ ಪರೀಕ್ಷೆ ಬರೆದರು. 1907ರಲ್ಲಿ, ಹದಿನೆಂಟರ ಹರೆಯದಲ್ಲಿ, ಲೋಕಸುಂದರಿಯವರನ್ನು ಮದುವೆಯಾಗಿ ಕಲ್ಕತ್ತೆಯ ಲೆಕ್ಕಪತ್ರ ಕಚೇರಿಯಲ್ಲಿ ಅಧಿಕಾರಿಯಾಗಿ ಸೇರಿಕೊಂಡರು.

ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ಅವರಿಗೆ ಒಂದು ಕಟ್ಟಡ ಕಣ್ಣಿಗೆ ಬಿತ್ತು. ಭಾರತೀಯರು ತಾವೇ ವಿಜ್ಞಾನ ಬೆಳೆಸಬೇಕೆಂದು ವೈದ್ಯರಾದ ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಕಟ್ಟಿದ ಸಂಸ್ಥೆ ಅದು. ಅಲ್ಲಿ ಉಪಕರಣಗಳಿದ್ದವು, ಬಳಸುವವರು ಇರಲಿಲ್ಲ. ರಾಮನ್ ಬೆಳಿಗ್ಗೆ ಕಚೇರಿಗೆ ಮುಂಚೆ ಅಲ್ಲಿಗೆ ಹೋಗುವುದು, ಸಂಜೆ ಕಚೇರಿ ಮುಗಿಸಿ ಮತ್ತೆ ಅಲ್ಲಿಗೇ ಹೋಗಿ ರಾತ್ರಿಯವರೆಗೆ ಪ್ರಯೋಗ ಮಾಡುವುದು, ಹೀಗೆ ನಡುವೆ ರಂಗೂನ್, ನಾಗಪುರದ ವರ್ಗಾವಣೆಗಳನ್ನು ಬಿಟ್ಟರೆ ಸುಮಾರು ಹತ್ತು ವರ್ಷ ನಡೆಸಿದರು. ಪಿಟೀಲು, ವೀಣೆ, ಮೃದಂಗಗಳ ನಾದವನ್ನೂ ಅವರು ಪರೀಕ್ಷಿಸಿದರು. ಬರೀ ಚರ್ಮ ಬಿಗಿದ ವಾದ್ಯ ಸದ್ದು ಮಾಡುತ್ತದೆ, ಮೃದಂಗ ಮಾತ್ರ ಶ್ರುತಿಗೆ ಕೂಡುತ್ತದೆ. ಚರ್ಮದ ನಡುವೆ ಹಚ್ಚುವ ಕಪ್ಪು ಲೇಪವೇ ಅದಕ್ಕೆ ಕಾರಣವೆಂದು ಅವರು ತೋರಿಸಿದರು. ಭಜನೆ ಮನೆಯಲ್ಲಿ ದಿನವೂ ಕೇಳುವ ವಾದ್ಯದೊಳಗೂ ಭೌತವಿಜ್ಞಾನ ಇದೆ ಎಂಬುದಕ್ಕೆ ಇದು ಸಾಕ್ಷಿ.

1917ರಲ್ಲಿ ಅಶುತೋಷ್ ಮುಖರ್ಜಿಯವರು ಕಲ್ಕತ್ತ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪೀಠಕ್ಕೆ ಅವರನ್ನು ಕರೆದರು. ಸಂಬಳ ಬಹಳ ಕಡಿಮೆ. ಬಡ್ತಿಯೂ ಪಿಂಚಣಿಯೂ ಖಾತ್ರಿಯಿದ್ದ ಸರ್ಕಾರಿ ಹುದ್ದೆಯನ್ನು ಬಿಟ್ಟು ಅವರು ಅಲ್ಲಿಗೆ ಹೋದರು. ಮಗನಿಗೆ ಸರ್ಕಾರಿ ಕೆಲಸ ಸಿಕ್ಕಿದರೆ ಊರಿಗೆಲ್ಲ ಸಿಹಿ ಹಂಚುವ ನಮಗೆ ಆ ತೀರ್ಮಾನದ ತೂಕ ಚೆನ್ನಾಗಿ ಅರ್ಥವಾಗುತ್ತದೆ.

1921ರಲ್ಲಿ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆಂದು ಇಂಗ್ಲೆಂಡಿಗೆ ಹೋಗಿದ್ದ ಅವರು ನರ್ಕುಂಡ ಎಂಬ ಹಡಗಿನಲ್ಲಿ ಹಿಂತಿರುಗುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಆಕಾಶದ ನೀಲಿ ನೀರಿನಲ್ಲಿ ಪ್ರತಿಬಿಂಬಿಸುವುದರಿಂದ ಸಮುದ್ರ ನೀಲಿಯಾಗಿ ಕಾಣುತ್ತದೆ ಎಂದು ಲಾರ್ಡ್ ರ‍್ಯಾಲೆಯವರಂಥ ದೊಡ್ಡ ವಿಜ್ಞಾನಿಯೇ ಹೇಳಿಬಿಟ್ಟಿದ್ದರು. ರಾಮನ್ ಬಳಿ ನಿಕಾಲ್ ಪಟ್ಟಕ ಎಂಬ ಸಣ್ಣ ಗಾಜಿನಂಥ ಉಪಕರಣವಿತ್ತು. ಅದನ್ನು ತಕ್ಕ ಕೋನದಲ್ಲಿ ಹಿಡಿದರೆ ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ತಡೆಯಬಹುದು. ತಡೆದು ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಚೆನ್ನಾಗಿ ಕಂಡಿತು. ಎಂದ ಮೇಲೆ ಬಣ್ಣ ನೀರಿನೊಳಗಿನಿಂದಲೇ ಬರುತ್ತಿದೆ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ. ನೂರಾರು ಜನ ಪ್ರಯಾಣಿಕರು ಅದೇ ಸಮುದ್ರವನ್ನು ನೋಡಿದ್ದರು. ಸಿದ್ಧ ಉತ್ತರವನ್ನು ಒಪ್ಪದೆ ಕೈಯಲ್ಲಿದ್ದ ಸಾಧನದಿಂದಲೇ ಪರೀಕ್ಷಿಸಿದವರು ಇವರು.

ಅಲ್ಲಿಂದ ಏಳು ವರ್ಷ ರಾಮನ್ ಮತ್ತು ಅವರ ಶಿಷ್ಯರು ದ್ರವಗಳಲ್ಲಿ ಬೆಳಕು ಹೇಗೆ ಚದುರುತ್ತದೆ ಎಂಬುದನ್ನೇ ಹಿಡಿದು ಕೂತರು. ಎರಡು ದ್ರವಗಳನ್ನು ಬೆರೆಸಿದ ಮಿಶ್ರಣಗಳನ್ನೂ ಪರೀಕ್ಷಿಸಿದರು. 1923ರಲ್ಲಿ ಶಿಷ್ಯ ಕೆ.ಆರ್. ರಾಮನಾಥನ್, ಚದುರಿದ ಬೆಳಕಿನಲ್ಲಿ ಮೂಲ ಬಣ್ಣದ್ದಲ್ಲದ ಒಂದು ಕ್ಷೀಣ ಬೆಳಕು ಬೆರೆತಿರುವುದನ್ನು ಗಮನಿಸಿದರು. ದ್ರವದಲ್ಲಿ ಕಲ್ಮಶವಿರಬಹುದೆಂದು ಮತ್ತೆ ಮತ್ತೆ ಶುದ್ಧಗೊಳಿಸಿದರೂ ಅದು ಹೋಗಲಿಲ್ಲ. 1928ರ ಆರಂಭದಲ್ಲಿ ವೆಂಕಟೇಶ್ವರನ್ ಎಂಬ ಇನ್ನೊಬ್ಬ ಶಿಷ್ಯರಿಗೆ ಶುದ್ಧ ಗ್ಲಿಸರಿನ್‌ನಲ್ಲಿ ಚದುರಿದ ಬೆಳಕು ನೀಲಿಯ ಬದಲು ಹಸಿರಾಗಿ ಕಂಡಿತು. ರಾಮನ್ ಅವರು ಕೆ.ಎಸ್. ಕೃಷ್ಣನ್ ಅವರನ್ನು ಜೊತೆಗೆ ಕೂರಿಸಿಕೊಂಡು ಹಗಲೂ ರಾತ್ರಿ ಪ್ರಯೋಗ ನಡೆಸಿದರು. ಬಿಸಿಲನ್ನು ಮಸೂರದಿಂದ ಒಟ್ಟುಗೂಡಿಸಿ, ನೇರಳೆ ಗಾಜಿನ ಮೂಲಕ ಹಾಯಿಸಿ, ದ್ರವ ತುಂಬಿದ ಬುಡ್ಡಿಯೊಳಕ್ಕೆ ಬಿಟ್ಟರು. ಚದುರಿ ಬಂದ ಬೆಳಕಿಗೆ ನೇರಳೆಯನ್ನು ಪೂರ್ತಿ ತಡೆಯುವ ಹಸಿರು ಗಾಜನ್ನು ಅಡ್ಡ ಹಿಡಿದರು. ಏನೂ ಕಾಣಬಾರದು. ಆದರೂ ಬೆಳಕು ಕಂಡಿತು. ಸುಮಾರು ಅರವತ್ತು ದ್ರವಗಳಲ್ಲಿ ಹೀಗೇ ಆಯಿತು. 1928ರ ಫೆಬ್ರವರಿ 28ರಂದು ಸಣ್ಣ ರೋಹಿತದರ್ಶಕದಿಂದ ನೋಡಿದಾಗ ಮೂಲ ಬಣ್ಣದ ಪಕ್ಕದಲ್ಲಿ, ನಡುವೆ ಕತ್ತಲ ಜಾಗ ಬಿಟ್ಟು, ಹೊಸ ಬಣ್ಣ ಬೇರೆಯಾಗಿ ನಿಂತದ್ದು ಸ್ಪಷ್ಟವಾಯಿತು. ಆಮೇಲೆ ಪಾದರಸ ದೀಪ ಇಟ್ಟು ನೋಡಿದಾಗ ಹೊಸ ಬೆಳಕು ಚೂಪಾದ ಗೆರೆಗಳಾಗಿ ಕಂಡಿತು. ಈ ಉಪಕರಣಗಳ ಒಟ್ಟು ಬೆಲೆ ಕೆಲವು ನೂರು ರೂಪಾಯಿ.

ಅದೇ ವರ್ಷ ಮಾರ್ಚ್ 16ರಂದು ಅವರು ಈ ಶೋಧನೆಯನ್ನು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ವಿವರವಾಗಿ ಮಂಡಿಸಿದರು. ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಎಂಬ ವಿಜ್ಞಾನಿಗಳೂ ಹೆಚ್ಚುಕಡಿಮೆ ಅದೇ ವೇಳೆಗೆ ಹರಳುಗಳಲ್ಲಿ ಇದನ್ನೇ ಕಂಡಿದ್ದರು. 1930ರಲ್ಲಿ ನೊಬೆಲ್ ಪಾರಿತೋಷಕ ರಾಮನ್ ಅವರಿಗೆ ಬಂತು.

ಹಾಗಾದರೆ ಅವರು ಕಂಡದ್ದೇನು? ಸಂತೆಯ ಲೆಕ್ಕದಲ್ಲಿ ಹೇಳುತ್ತೇನೆ. ಒಬ್ಬ ನೂರು ರೂಪಾಯಿ ತೆಗೆದುಕೊಂಡು ಸಂತೆಗೆ ಹೋಗಿ ತೊಂಬತ್ತು ರೂಪಾಯಿ ಹಿಡಿದು ಬಂದರೆ ಹತ್ತು ರೂಪಾಯಿ ಅಲ್ಲಿ ಖರ್ಚಾಯಿತು ಎಂದಾಯಿತು. ಬೆಳಕಿನ ಕಣವೂ ಹಾಗೆಯೇ. ಒಂದು ಅಣುವನ್ನು ಮುಟ್ಟಿದಾಗ ಅದು ಸಾಮಾನ್ಯವಾಗಿ ತಂದ ಶಕ್ತಿಯನ್ನು ಹಾಗೇ ಹೊತ್ತುಕೊಂಡು ಹೊರಡುತ್ತದೆ. ಅಪರೂಪಕ್ಕೊಮ್ಮೆ, ಒಂದು ಕೋಟಿ ಕಣಗಳಲ್ಲಿ ಒಂದರಂತೆ, ಅಣುವನ್ನು ಅಲುಗಾಡಿಸಲು ಸ್ವಲ್ಪ ಶಕ್ತಿ ಕೊಟ್ಟು ಬರುತ್ತದೆ. ಶಕ್ತಿ ಕಡಿಮೆಯಾದರೆ ಬಣ್ಣ ಬದಲಾಗುತ್ತದೆ. ಎಷ್ಟು ಬದಲಾಯಿತು ಎಂದು ಅಳೆದರೆ ಅಣು ಹೇಗೆ ಅಲುಗುತ್ತದೆ, ಅದರ ಆಕಾರ ಎಂಥದು ಎಂಬುದು ತಿಳಿಯುತ್ತದೆ. ಒಂದೊಂದು ವಸ್ತುವಿಗೂ ಒಂದೊಂದು ಲೆಕ್ಕ. ಹೆಬ್ಬೆಟ್ಟಿನ ಗುರುತಿನ ಹಾಗೆ.

1933ರಲ್ಲಿ ರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆಗೆ, ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಅಲ್ಲಿಂದ ಕೊನೆಯ ಉಸಿರಿನವರೆಗೆ ಅವರು ನಮ್ಮ ರಾಜ್ಯದವರೇ. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿದರು. ಮೈಸೂರು ಸಂಸ್ಥಾನ ಅದಕ್ಕೆ ಜಾಗ ಕೊಟ್ಟಿತು. ಆಡಳಿತ ಮಂಡಳಿಯೊಂದಿಗೆ ಭಿನ್ನಾಭಿಪ್ರಾಯ ಬೆಳೆದು 1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟರೂ, 1948ರವರೆಗೆ ಅಲ್ಲೇ ಪ್ರಾಧ್ಯಾಪಕರಾಗಿದ್ದರು.

ದೊಡ್ಡವರ ಜೀವನ ಬರೆಯುವಾಗ ಒಳ್ಳೆಯದನ್ನಷ್ಟೇ ಬರೆದರೆ ಮಕ್ಕಳಿಗೆ ಉಪಯೋಗವಿಲ್ಲ. 1933ರಲ್ಲಿ ಮುಂಬಯಿಯಲ್ಲಿ ಪದವಿ ಮುಗಿಸಿದ್ದ ಕಮಲಾ ಭಾಗವತ್ ಎಂಬ ಯುವತಿ ಈ ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣೆಂಬ ಕಾರಣಕ್ಕೆ ರಾಮನ್ ಸೇರಿಸಿಕೊಳ್ಳಲಿಲ್ಲ. ಆಕೆ ಹಿಂತಿರುಗಿ ಹೋಗದೆ ಪಟ್ಟುಹಿಡಿದರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಇರಬೇಕು ಎಂಬಂಥ ಷರತ್ತುಗಳ ಮೇಲೆ ಪ್ರವೇಶ ಸಿಕ್ಕಿತು. ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನ್‌ಗಳನ್ನು ಕುರಿತು ಆಕೆ ಮಾಡಿದ ಕೆಲಸ ನೋಡಿದ ಮೇಲೆ ರಾಮನ್ ಅವರ ಆಕ್ಷೇಪಣೆ ನಿಲ್ಲಲಿಲ್ಲ. 1939ರಲ್ಲಿ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದ ಆಕೆ ಮುಂದೆ ಕಮಲಾ ಸೊಹೊನಿ ಎಂದು ಹೆಸರಾದರು. 1940ರಲ್ಲಿ ಅನ್ನಾ ಮಣಿ ಎಂಬ ಇನ್ನೊಬ್ಬ ಯುವತಿ ರಾಮನ್ ಅವರ ಪ್ರಯೋಗಾಲಯಕ್ಕೇ ಬಂದರು. ವಜ್ರದ ಹರಳಿನ ರೋಹಿತ ಛಾಯಾಫಲಕದ ಮೇಲೆ ಮೂಡಬೇಕಾದರೆ ಹದಿನೈದು ಇಪ್ಪತ್ತು ಗಂಟೆ ಕಾಯಬೇಕಿದ್ದ ಕಾಲದಲ್ಲಿ ದುಡಿದರು. ಎಂ.ಎಸ್ಸಿ. ಇಲ್ಲವೆಂದು ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಡಲಿಲ್ಲ. ಮುಂದೆ ಅವರು ನಮ್ಮ ದೇಶದ ಹವಾಮಾನ ಮಾಪನ ಉಪಕರಣಗಳಿಗೆ ಭದ್ರ ಬುನಾದಿ ಹಾಕಿದರು. ಬೆಳಕಿನ ವಿಷಯದಲ್ಲಿ ಯಾರ ಸಿದ್ಧ ಉತ್ತರವನ್ನೂ ಒಪ್ಪದಿದ್ದ ರಾಮನ್, ಹೆಣ್ಣುಮಕ್ಕಳ ವಿಷಯದಲ್ಲಿ ತಮ್ಮ ಕಾಲದ ಸಿದ್ಧ ಉತ್ತರವನ್ನು ಪರೀಕ್ಷಿಸದೆ ಒಪ್ಪಿದ್ದರು. ಅದನ್ನು ಪರೀಕ್ಷಿಸಿ ತೋರಿಸಿದವರು ಕಮಲಾ.

ನಿವೃತ್ತಿಯ ಹೊತ್ತಿಗೆ ರಾಮನ್ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿಕೊಂಡರು. ಇಂದಿಗೂ ಬೆಂಗಳೂರಿನ ಸದಾಶಿವನಗರದಲ್ಲಿ ಮರಗಳ ನೆರಳಿನಲ್ಲಿ ಅದು ಇದೆ. ಅಲ್ಲಿ ಹರಳುಗಳು, ಹೂವಿನ ಬಣ್ಣಗಳು, ಕಣ್ಣು ಬಣ್ಣವನ್ನು ಗುರುತಿಸುವ ರೀತಿ, ಹೀಗೆ ಮನಸ್ಸಿಗೆ ಬಂದದ್ದನ್ನೆಲ್ಲ ಪರೀಕ್ಷಿಸುತ್ತ ವಯಸ್ಸಾದರು. 1954ರಲ್ಲಿ ಭಾರತರತ್ನ ಬಂತು. ಪ್ರತಿವರ್ಷ ಅಕ್ಟೋಬರ್ 2ರಂದು ಗಾಂಧೀಜಿಯವರ ನೆನಪಿಗೆ ವಿಜ್ಞಾನ ಉಪನ್ಯಾಸ ಕೊಡುತ್ತಿದ್ದರು, 1970ರಲ್ಲೂ ಕೊಟ್ಟರು. ಅದೇ ವರ್ಷ ನವೆಂಬರ್ 21ರಂದು ತೀರಿಕೊಂಡರು. ಸಂಸ್ಥೆಯ ತೋಟದಲ್ಲೇ ದಹನ ನಡೆಯಿತು. ಆ ಜಾಗದಲ್ಲಿ ಗೋರಿಯಿಲ್ಲ, ಗುಡಿಯಿಲ್ಲ, ಒಂದು ಮರವಿದೆ.

ಅವರು ಹೋದ ಮೇಲೆ ಅವರ ಬೆಳಕು ಎಲ್ಲಿಗೆ ಹೋಯಿತು ಎಂಬುದನ್ನು ನನ್ನ ಕೆಲಸದ ಅನುಭವದಿಂದ ಹೇಳಬಲ್ಲೆ. ಕೋಟಿಗೊಂದು ಕಣ ಹಿಡಿಯುವುದು ಪಾದರಸ ದೀಪದ ಕಾಲದಲ್ಲಿ ಬಹಳ ಕಷ್ಟವಾಗಿತ್ತು. 1958ರಲ್ಲಿ ಅಮೆರಿಕದಲ್ಲಿ ಮೊದಲ ಬಾರಿಗೆ ಒಂದು ಪ್ರೋಟೀನ್‌ನ ರಾಮನ್ ರೋಹಿತ ತೆಗೆದರು. 1960ರಲ್ಲಿ ಲೇಸರ್ ಬಂದ ಮೇಲೆ ಕೆಲಸ ಸುಲಭವಾಯಿತು. ಈಗ ಕೆಲವು ನಿಮಿಷ ಸಾಕು. ನೀರು ರಾಮನ್ ಬೆಳಕನ್ನು ಹೆಚ್ಚು ಚದುರಿಸದಿರುವುದು ಇದರ ದೊಡ್ಡ ಅನುಕೂಲ. ಪ್ರೋಟೀನ್ ನೀರಿನಲ್ಲಿರುವಾಗಲೇ, ಬಣ್ಣ ಹಚ್ಚದೆ, ಒಣಗಿಸದೆ ನೋಡಬಹುದು.

ನಮ್ಮ ಪ್ರಯೋಗಾಲಯದಲ್ಲಿ ಈಗ ನಡೆಯುತ್ತಿರುವುದು ಪ್ರೋಟೀನ್ ಹನಿಗಳ ಕೆಲಸ. ಸಾರಿನ ಮೇಲೆ ಎಣ್ಣೆ ಹನಿಗಳು ತೇಲುವುದನ್ನು ಎಲ್ಲರೂ ನೋಡಿದ್ದೀರಿ. ಎರಡು ಹನಿ ಹತ್ತಿರ ಬಂದರೆ ಒಂದಾಗುತ್ತವೆ. ನಮ್ಮ ಜೀವಕೋಶದೊಳಗೂ ಕೆಲವು ಪ್ರೋಟೀನ್‌ಗಳು ಹೀಗೇ ಒಟ್ಟುಗೂಡಿ ಹನಿಗಳಾಗುತ್ತವೆ ಎಂಬುದು 2009ರಿಂದ ಈಚೆಗೆ ಚೆನ್ನಾಗಿ ತಿಳಿದುಬಂದಿದೆ. ಹನಿಯಾಗುವುದು ರೋಗವಲ್ಲ, ಕೋಶ ತನ್ನ ಕೆಲಸಕ್ಕೆ ಬೇಕಾದ್ದನ್ನು ಒಂದೆಡೆ ಕೂಡಿಸಿಕೊಳ್ಳುವ ರೀತಿ ಅದು. ಕೆಲವು ಪ್ರೋಟೀನ್‌ಗಳ ಹನಿ ಕಾಲ ಕಳೆದಂತೆ ಹರಿಯುವುದನ್ನು ನಿಲ್ಲಿಸಿ ಗಟ್ಟಿಯಾಗುತ್ತದೆ, ಆಮೇಲೆ ನಾರು ನಾರಾಗಿ ಗಂಟು ಕಟ್ಟುತ್ತದೆ. ಪಾರ್ಕಿನ್ಸನ್ ಕಾಯಿಲೆಯವರ ಮೆದುಳಿನ ಕೋಶಗಳಲ್ಲಿ ಗಂಟು ಕಟ್ಟಿರುವ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ಮೊದಲು ಹನಿಯಾಗಿ, ಆಮೇಲೆ ಗಟ್ಟಿಯಾಗಬಲ್ಲದು ಎಂದು 2020ರಲ್ಲಿ ಮುಂಬಯಿಯ ಐಐಟಿಯ ತಂಡ ತೋರಿಸಿತು. ಇನ್ನೊಂದು ನರರೋಗಕ್ಕೆ ಸಂಬಂಧಿಸಿದ ಪ್ರೋಟೀನ್‌ನ ಒಂದೇ ಒಂದು ಹನಿಯಿಂದ ರಾಮನ್ ರೋಹಿತ ತೆಗೆಯುವ ಕೆಲಸವನ್ನು ಮೊಹಾಲಿಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯವರು ಮಾಡಿದ್ದಾರೆ.

ಇದನ್ನು ನನಗೆ ನಾನೇ ಅರ್ಥ ಮಾಡಿಕೊಂಡದ್ದು ನಮ್ಮೂರ ಆಲೆಮನೆಯಿಂದ. ನನ್ನ ದೊಡ್ಡಪ್ಪ ಆಲೆಮನೆಯಲ್ಲಿ ಪಾಕ ನೋಡುವವರು. ಕೊಪ್ಪರಿಗೆಯಿಂದ ಒಂದು ತೊಟ್ಟು ತೆಗೆದು ತಣ್ಣೀರಿಗೆ ಬಿಟ್ಟು, ಬೆರಳಿನಲ್ಲಿ ಮುಟ್ಟಿ, ಪಾಕ ಬಂತೋ ಇಲ್ಲವೋ ಹೇಳುತ್ತಿದ್ದರು. ಬೇಗ ಇಳಿಸಿದರೆ ಅಚ್ಚು ಹಿಡಿಯುವುದಿಲ್ಲ, ತಡವಾದರೆ ಸೀದುಹೋಗುತ್ತದೆ. ಪ್ರೋಟೀನ್ ಹನಿ ಕೂದಲೆಳೆಗಿಂತ ಹತ್ತಾರು ಪಟ್ಟು ಸಣ್ಣದು, ಬೆರಳಿನಿಂದ ಮುಟ್ಟಲಾಗದು. ಅದಕ್ಕೆ ರಾಮನ್ ಬೆಳಕೇ ಬೆರಳು. ಸೂಕ್ಷ್ಮದರ್ಶಕದಡಿ ಹನಿಯ ಮೇಲೆ ಲೇಸರ್ ಬಿಟ್ಟಾಗ ಕಂಪ್ಯೂಟರಿನ ತೆರೆಯ ಮೇಲೆ ಏರಿಳಿತದ ಗೆರೆ ಮೂಡುತ್ತದೆ. ಹನಿ ಹರಿಯುತ್ತಿರುವಾಗ ಪ್ರೋಟೀನ್ ಸರಪಳಿ ಸಡಿಲವಾಗಿರುತ್ತದೆ. ಗೆರೆಯಲ್ಲಿ ಅಗಲವಾದ ದಿಬ್ಬ ಕಾಣುತ್ತದೆ. ಸರಪಳಿಗಳು ಒಂದರ ಪಕ್ಕ ಒಂದು ಸಾಲಾಗಿ ಕೂತು ಗಟ್ಟಿಯಾದಾಗ ಆ ದಿಬ್ಬ ಕಿರಿದಾಗಿ, 1670 ಎಂಬ ಅಂಕಿಯ ಹತ್ತಿರ ಚೂಪಾದ ಶಿಖರವಾಗುತ್ತದೆ. ಅದನ್ನು ನೋಡಿದ ದಿನ ಪಾಕ ಬಂತು ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ. ಆದರೆ ಇಲ್ಲಿ ನಾವು ಬಯಸುವುದು ಪಾಕ ಬರದಿರಲಿ ಎಂದು.

ಅದೇ ದೊಡ್ಡಪ್ಪನಿಗೆ ಅರವತ್ತು ದಾಟಿದ ಮೇಲೆ ಬಲಗೈ ನಡುಗಲು ಶುರುವಾಯಿತು. ಸುಮ್ಮನೆ ಕೂತಾಗ ಹೆಚ್ಚು, ಕೆಲಸಕ್ಕೆ ಕೈ ಹಾಕಿದಾಗ ಕಡಿಮೆ. ನಡಿಗೆ ನಿಧಾನವಾಯಿತು, ಮುಖದಲ್ಲಿ ನಗು ಮೂಡುವುದು ಕಡಿಮೆಯಾಯಿತು. ವಯಸ್ಸಾಯಿತು ಎಂದರು ಕೆಲವರು, ಕುಡಿತ ಎಂದರು ಕೆಲವರು. ಅವರು ಒಂದು ತೊಟ್ಟೂ ಕುಡಿದವರಲ್ಲ. ನಾಲ್ಕು ವರ್ಷ ಕಳೆದ ಮೇಲೆ ನರರೋಗ ವೈದ್ಯರು ಪಾರ್ಕಿನ್ಸನ್ ಎಂದು ಹೇಳಿದರು. ಮಾತ್ರೆಯಿಂದ ನಡುಕ ತಗ್ಗಿ ಅವರು ಮತ್ತೆ ಕೆಲವು ವರ್ಷ ತಾವೇ ಅನ್ನ ಕಲಸಿ ಉಂಡರು. ಪಾಕ ನೋಡುವ ಕೈ ಮಾತ್ರ ಹಿಂದಿನಂತೆ ಆಗಲಿಲ್ಲ. ನಮ್ಮ ಯಂತ್ರದಿಂದ ಈ ರೋಗ ವಾಸಿಯಾಗುವುದಿಲ್ಲ, ಅದನ್ನು ಬೇರಿನಿಂದ ತೆಗೆಯುವ ಮದ್ದು ಇನ್ನೂ ಬಂದಿಲ್ಲ. ಹನಿ ಯಾವ ಗಳಿಗೆಯಲ್ಲಿ, ಯಾವ ಕಾರಣಕ್ಕೆ ಗಟ್ಟಿಯಾಗುತ್ತದೆ ಎಂದು ತಿಳಿದರೆ ಅದನ್ನು ತಡೆಯುವ ದಾರಿ ಹುಡುಕಬಹುದು. ಆ ಹುಡುಕಾಟದಲ್ಲಿ ನನ್ನದು ಅಳಿಲ ಸೇವೆ. ಊರಿನವರಲ್ಲಿ ನನ್ನ ಒಂದು ವಿನಂತಿ: ಮನೆಯ ಹಿರಿಯರ ಕೈ ನಡುಗಿದರೆ, ನಡಿಗೆ ನಿಧಾನವಾದರೆ, ಆಡಿಕೊಳ್ಳಬೇಡಿ, ವಯಸ್ಸೆಂದು ಬಿಡಲೂಬೇಡಿ. ಬೇಗ ನರರೋಗ ವೈದ್ಯರಿಗೆ ತೋರಿಸಿ.

ರಾಮನ್ ಅವರ ಜೀವನದಿಂದ ನಮ್ಮ ಶಾಲೆಯ ಮಕ್ಕಳು ತೆಗೆದುಕೊಳ್ಳಬೇಕಾದದ್ದು ಬಹುಮಾನದ ಹೆಸರನ್ನಲ್ಲ. ಸಮುದ್ರ ಏಕೆ ನೀಲಿ ಎಂಬ ಪ್ರಶ್ನೆ ಕೇಳಿದಾಗ ಅವರಿಗೆ ಪಾರ್ಕಿನ್ಸನ್ ಕಾಯಿಲೆಯ ಯೋಚನೆ ಇರಲಿಲ್ಲ. ಪ್ರಶ್ನೆ ಪ್ರಾಮಾಣಿಕವಾಗಿತ್ತು, ಪರೀಕ್ಷೆ ಕಟ್ಟುನಿಟ್ಟಾಗಿತ್ತು. ಉಪಯೋಗ ನೂರು ವರ್ಷದ ಆಚೆಗೆ ಬಂದು ನಮ್ಮ ಮನೆಗಳ ಬಾಗಿಲಿಗೆ ನಿಂತಿದೆ. ನಮ್ಮ ಶಾಲೆಯ ಪ್ರಯೋಗಶಾಲೆಯ ಬೀರುವಿನಲ್ಲಿ ಪಟ್ಟಕಗಳಿವೆ, ಮಸೂರಗಳಿವೆ. ಈ ವರ್ಷದಿಂದ ಫೆಬ್ರವರಿ 28ರಂದು ಭಾಷಣಕ್ಕೆ ಮುಂಚೆ ಆ ಬೀರು ತೆರೆಯಲಿ, ಎಂಟನೆಯ ತರಗತಿಯ ಪ್ರತಿ ಮಗುವಿನ ಕೈಗೂ ಒಂದು ಪಟ್ಟಕ ಬರಲಿ, ಹೆಣ್ಣುಮಕ್ಕಳಿಗೆ ಮೊದಲು. ಒಡೆದುಹೋದರೆ ಹೊಸದು ತಂದುಕೊಡುವ ಖರ್ಚು ಹಳೆಯ ವಿದ್ಯಾರ್ಥಿಗಳಾದ ನಮ್ಮದು. ಈ ವರ್ಷದ ಮೊದಲ ಹತ್ತು ಪಟ್ಟಕಗಳನ್ನು ನಾನು ಕೊಡುತ್ತೇನೆ.